ಮಗಳು ಕಳಿಸಿದ ಮಾಚಾ ಪುಡಿ: ಕಾಫಿ ಕುಡಿಯುವ ಮನೆಯಲ್ಲಿ ಇದನ್ನು ಮಾಡುವುದು ಹೇಗೆ?

ಹೂಮಳೆ, ನಾಪೋಕ್ಲು (ಮಾರ್ಚ್ 9, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ತಲೆಮಾರಿನ ಕಾಫಿ ಮನೆ. ಬೆಳಗಿನ ಬೆಲ್ಲದ ಕಾಫಿ ಗಂಟಲಿಗೆ ಇಳಿಯದೆ ಇಲ್ಲಿ ಯಾರೂ ತೋಟಕ್ಕೆ ಕಾಲಿಡುವುದಿಲ್ಲ. ಆದರೆ ಈಚೆಗೆ ಸಂಜೆಯ ಕಾಫಿ ನನ್ನ ನಿದ್ದೆ ಕೆಡಿಸುತ್ತಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳಿಗೆ ಇದು ಗೊತ್ತಾಗಿ, ಆ ಲೋಟದ ಜಾಗಕ್ಕೆ ಇರಲಿ ಎಂದು ಮಾಚಾ ಎಂಬ ಜಪಾನಿನ ಹಸಿರು ಚಹಾ ಪುಡಿಯ 30 ಗ್ರಾಂನ ಪುಟ್ಟ ಡಬ್ಬಿ ಕಳಿಸಿದ್ದಾಳೆ.

ನಿನ್ನೆ ಮಾಡಿ ನೋಡಿದೆ. ಚಹಾಕ್ಕೆ ಮಾಡುವ ಹಾಗೆಯೇ ಹಾಲು ಕಾಯಿಸಿ, ಉಕ್ಕುವ ಹೊತ್ತಿಗೆ ಪುಡಿಯನ್ನು ಚಮಚದಲ್ಲಿ ಗೋಪುರವಾಗಿ ತೆಗೆದು ಹಾಕಿ, ಸಕ್ಕರೆ ಬೆರೆಸಿ, ಇನ್ನೊಂದು ಕುದಿ ಬರಿಸಿ ಸೋಸಿದೆ. ಜರಡಿಯಲ್ಲಿ ಹಸಿರು ಮುದ್ದೆ ನಿಂತಿತು. ಲೋಟಕ್ಕೆ ಇಳಿದದ್ದು ಸೊಪ್ಪು ಬೇಯಿಸಿದ ನೀರಿನ ಬಣ್ಣ. ಬಾಯಿಗಿಟ್ಟರೆ ಕಹಿ, ಅದರ ಬೆನ್ನಿಗೇ ಒಂದು ಮೀನಿನ ವಾಸನೆ. ಅತ್ತೆ ಒಂದೇ ಗುಟುಕು ಕುಡಿದು ಲೋಟ ಕೆಳಗಿಟ್ಟು, "ಕಕ್ಕಡ ಮಾಸದ ಮದ್ದುಸೊಪ್ಪಿಗೆ ಇದಕ್ಕಿಂತ ಒಳ್ಳೆಯ ಪರಿಮಳವಿದೆ" ಎಂದರು.

ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿದಿದೆ. ಮಗಳು ಸಂಬಳದ ಹಣದಲ್ಲಿ ಕೊಂಡದ್ದು, ಎಸೆಯಲು ಮನಸ್ಸು ಬರುವುದಿಲ್ಲ. ಪುಡಿಯೇ ಹಾಳಾಗಿದೆಯೋ, ನಾನು ಮಾಡಿದ್ದು ತಪ್ಪೋ? ಮನೆಯಲ್ಲಿ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಲೋಟದಬರಿ, ಮಡಿಕೇರಿ (ಮಾರ್ಚ್ 9, ಮಧ್ಯಾಹ್ನ)

ಅಕ್ಕ, ಪುಡಿ ಎಸೆಯಬೇಡಿ. ನೀವು ಹೇಳಿದ್ದನ್ನು ಓದಿದರೆ ತಪ್ಪು ಕುದಿಸಿದ್ದರಲ್ಲಿದೆ, ಪುಡಿಯಲ್ಲಿ ಇರಲಾರದು. ಎರಡು ವರ್ಷದ ಹಿಂದೆ ನಮ್ಮ ಹೋಂಸ್ಟೇಯಲ್ಲಿ ಉಳಿದಿದ್ದ ಅತಿಥಿಯೊಬ್ಬರು ಬೆಳಿಗ್ಗೆ ತಾವೇ ಅಡುಗೆಮನೆಗೆ ಬಂದು ಮಾಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತು ನೋಡಿ ಕಲಿತೆ. ಈಗ ವಾರಕ್ಕೆ ಮೂರು ದಿನವಾದರೂ ಮಾಡುತ್ತೇನೆ.

ಚಹಾದಲ್ಲಿ ಎಲೆಯ ಸಾರ ಇಳಿಸಿಕೊಂಡು ಚರಟ ಬಿಸಾಡುತ್ತೇವೆ. ಮಾಚಾದಲ್ಲಿ ಎಲೆಯೇ ಹಿಟ್ಟಾಗಿ ಬಂದಿರುತ್ತದೆ, ಅದನ್ನು ನೀರಿನಲ್ಲಿ ಕದಡಿ ಪೂರ್ತಿ ಕುಡಿಯುತ್ತೇವೆ. ಆದ್ದರಿಂದ ಕುದಿಸಿದ ಮೇಲೆ ಸೋಸುವುದು ಎಂಬುದೇ ಇಲ್ಲಿ ಇಲ್ಲ. ಸೋಸಬೇಕಾದದ್ದು ಮೊದಲು, ಒಣ ಪುಡಿಯನ್ನು. ಸಣ್ಣ ಕಣ್ಣಿನ ಚಹಾ ಜರಡಿಗೆ ಪುಡಿ ಹಾಕಿ ಚಮಚದ ಬೆನ್ನಿನಿಂದ ಸವರಿ. ಗಂಟೆಲ್ಲ ಒಡೆದು, ಹೆಣ್ಣುಮಕ್ಕಳು ಕೆನ್ನೆಗೆ ಹಚ್ಚುವ ಪೌಡರ್‌ನಷ್ಟು ನಯವಾಗಿ ಬಟ್ಟಲಿಗೆ ಉದುರುತ್ತದೆ.

ಒಬ್ಬರಿಗೆ 2 ಗ್ರಾಂ ಸಾಕು, ಅಂದರೆ ಟೀ ಚಮಚದಲ್ಲಿ ಮಟ್ಟಸವಾಗಿ ಒಂದು. ನೀರು 70 ಮಿಲಿಲೀಟರ್. ನೀರಿನ ಬಿಸಿ 70ರಿಂದ 80 ಡಿಗ್ರಿಯೊಳಗೆ ಇರಬೇಕು, ಗುಟ್ಟೆಲ್ಲ ಇದರಲ್ಲೇ ಇದೆ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೆ ಕುದಿಯುತ್ತದೆ, ಅದನ್ನು ಹಾಗೆಯೇ ಸುರಿದರೆ ಕಹಿ ಬಿಟ್ಟುಕೊಳ್ಳುತ್ತದೆ. ಥರ್ಮಾಮೀಟರ್ ಹುಡುಕುವುದು ಬೇಡ. ಕುದಿದ ನೀರನ್ನು ತಣ್ಣನೆಯ ಲೋಟಕ್ಕೆ ಸುರಿಯಿರಿ, ಅಲ್ಲಿಂದ ದಬರಿಗೆ. ಪ್ರತಿ ಬಾರಿ ಪಾತ್ರೆ ಬದಲಿಸಿದಾಗಲೂ ಐದರಿಂದ ಹತ್ತು ಡಿಗ್ರಿ ಇಳಿಯುತ್ತದೆ. ದಟ್ಟವಾಗಿ ಏಳುತ್ತಿದ್ದ ಹಬೆ ತೆಳ್ಳಗಾಗಿ ಎಳೆಎಳೆಯಾಗಿ ಏಳತೊಡಗಿದರೆ ಹದ ಬಂತೆಂದು ತಿಳಿಯಿರಿ.

ಮೊದಲು ಎರಡು ಚಮಚ ನೀರಿನಲ್ಲಿ ಪುಡಿಯನ್ನು ಕಲಸಿ ಲೇಹದ ಹಾಗೆ ಮಾಡಿಕೊಂಡು, ಆಮೇಲೆ ಉಳಿದ ನೀರು ಹಾಕಿ ಕಡೆಯಿರಿ. ಒಳ್ಳೆಯ ಪುಡಿಯಲ್ಲೂ ಕಡಲಪಾಚಿಯಂಥ ಒಂದು ಎಳೆ ವಾಸನೆ ಇರುತ್ತದೆ. ನಿಮಗೆ ಮೀನು ಅನ್ನಿಸಿದ್ದು ಬಹುಶಃ ಅದೇ, ಕುದಿದಾಗ ಅದೊಂದೇ ಮುಂದಕ್ಕೆ ಬರುತ್ತದೆ.

ಹೂಮಳೆ, ನಾಪೋಕ್ಲು (ಮಾರ್ಚ್ 9, ಸಂಜೆ)

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಉಪಕಾರ. ಆದರೆ ಕಡೆಯಲು ಜಪಾನಿನವರು ಬಳಸುವ ಬಿದಿರಿನ ಕುಂಚ ನನ್ನಲ್ಲಿಲ್ಲ. ಅದಿಲ್ಲದೆ ಆಗುತ್ತದೆಯೇ?

ನೆರಳುಮರ, ಪೊನ್ನಂಪೇಟೆ (ಮಾರ್ಚ್ 10)

ಧಾರಾಳವಾಗಿ ಆಗುತ್ತದೆ. ಬೇಳೆ ಮಸೆಯುವ ಚಿಕ್ಕ ಕಡಗೋಲು ಇದ್ದರೆ ತೆಗೆದುಕೊಳ್ಳಿ, ಆದರೆ ಒಗ್ಗರಣೆಯ ವಾಸನೆ ಹಿಡಿದದ್ದು ಬೇಡ. ನಮ್ಮ ಮನೆಯಲ್ಲಿ ಬೆಣ್ಣೆಗೆಂದೇ ಇಟ್ಟಿರುವ ಪುಟ್ಟದೊಂದಿದೆ, ಅದರಲ್ಲೇ ನಡೆಯುತ್ತದೆ. ಜಪಾನಿನ ಕುಂಚಕ್ಕೆ ಚಾಸೆನ್ ಎನ್ನುತ್ತಾರೆ. ನಾರಾ ಪ್ರಾಂತ್ಯದ ತಕಾಯಾಮಾ ಎಂಬ ಊರಿನವರು ತಲೆಮಾರುಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಒಂದೇ ಬಿದಿರಿನ ಗೆಣ್ಣನ್ನು ಎಂಬತ್ತು, ನೂರು ಎಳೆಯಾಗಿ ಸೀಳುತ್ತಾರೆ. ಅದನ್ನು ಸುತ್ತ ತಿರುಗಿಸುವುದಿಲ್ಲ. ಮಣಿಕಟ್ಟಿನಿಂದ ಹಿಂದಕ್ಕೂ ಮುಂದಕ್ಕೂ ಬೇಗಬೇಗನೆ ಆಡಿಸಬೇಕು, ಬಟ್ಟಲಿನ ತಳಕ್ಕೆ ಒತ್ತಬಾರದು. ಇಪ್ಪತ್ತು ಸೆಕೆಂಡಿನಲ್ಲಿ ನೊರೆ ಕಟ್ಟುತ್ತದೆ.

ನನಗೆ ಈ ಪುಡಿಯ ಮೇಲೆ ಆಸಕ್ತಿ ಹುಟ್ಟಿದ್ದು ರುಚಿಯಿಂದಲ್ಲ, ನೆರಳಿನಿಂದ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕಾಫಿ ಬೆಳೆಯುವವರಿಗೆ ಇಷ್ಟವಾದೀತು.

ನಾವು ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸುಗಳ ಕೆಳಗೆ ಕಾಫಿ ಬೆಳೆಸುತ್ತೇವೆ. ನೆರಳು ಗಿಡಕ್ಕೆ ವರ್ಷವಿಡೀ ಬೇಕು, ಆದರೆ ಹದವಾಗಿ. ಹೆಚ್ಚಾದರೆ ಹಣ್ಣು ಕಟ್ಟುವುದಿಲ್ಲ ಎಂದು ಮಳೆಗೆ ಮುಂಚೆ ಮರ ಕಪಾತು ಮಾಡಿಸುತ್ತೇವೆ. ಮಾಚಾದವರು ಮಾಡುವುದು ಬೇರೆಯೇ. ವಸಂತದ ಚಿಗುರು ಒಡೆದ ಮೇಲೆ, ಕೊಯ್ಲಿಗೆ ಮೂರು ನಾಲ್ಕು ವಾರ ಇರುವಾಗ ಇಡೀ ತೋಟವನ್ನು ಮುಚ್ಚಿಬಿಡುತ್ತಾರೆ. ಹಿಂದೆ ಜೊಂಡಿನ ಚಾಪೆಯ ಮೇಲೆ ಭತ್ತದ ಹುಲ್ಲು ಹರಡುತ್ತಿದ್ದರು, ಈಗ ಹೆಚ್ಚಾಗಿ ಕಪ್ಪು ಬಲೆ. ದಿನ ಕಳೆದಂತೆ ಬೆಳಕನ್ನು ಇನ್ನಷ್ಟು ತಡೆದು, ಕೊನೆಗೆ ಹತ್ತರಲ್ಲಿ ಒಂದು ಪಾಲೂ ಒಳಗೆ ಬಾರದ ಹಾಗೆ ಮಾಡುತ್ತಾರೆ.

ಚಹಾ ಗಿಡದ ಬೇರಿನಲ್ಲಿ ಥಿಯಾನಿನ್ ಎಂಬ ಒಂದು ಅಮೈನೋ ಆಮ್ಲ ಹುಟ್ಟಿ ಎಲೆಗೆ ಏರುತ್ತದೆ. ಸಾರಿನಂಥ ಆ ಸಿಹಿ ರುಚಿ ಅದರದ್ದು. ಬಿಸಿಲು ಬಿದ್ದರೆ ಎಲೆ ಅದನ್ನು ಬಳಸಿಕೊಂಡು ಕ್ಯಾಟೆಚಿನ್ ತಯಾರಿಸುತ್ತದೆ; ಒಗರು, ಕಹಿ ಅದರಿಂದ. ಬಿಸಿಲು ತಪ್ಪಿಸಿದರೆ ಥಿಯಾನಿನ್ ಎಲೆಯಲ್ಲೇ ಉಳಿಯುತ್ತದೆ. ಸಿಕ್ಕಷ್ಟು ಬೆಳಕನ್ನಾದರೂ ಹಿಡಿಯಲೆಂದು ಎಲೆ ಹರಿತ್ತನ್ನು ಹೆಚ್ಚಿಸಿಕೊಳ್ಳುತ್ತದೆ. ಆ ಕಡುಹಸಿರು ಬರುವುದು ಹೀಗೆ, ಬಣ್ಣ ಬೆರೆಸಿದ್ದಲ್ಲ. ಕಿತ್ತ ಕೂಡಲೇ ಕೆಲವು ಸೆಕೆಂಡು ಹಬೆಗೆ ಹಿಡಿದು, ಉಜ್ಜಿ ಸುರುಳಿ ಮಾಡದೆ ಹಾಗೆಯೇ ಒಣಗಿಸುತ್ತಾರೆ. ದಂಟು, ನರ ತೆಗೆದು ಉಳಿದ ಎಲೆಗೆ ತೆಂಚಾ ಎಂದು ಹೆಸರು. ಅದನ್ನು ಬೀಸುಕಲ್ಲಿನಲ್ಲಿ ಬೀಸಿದರೆ ಮಾಚಾ. ಒಂದು ಕಲ್ಲಿನಿಂದ ಗಂಟೆಗೆ ಬರುವುದು 30ರಿಂದ 40 ಗ್ರಾಂ. ನಿಮ್ಮ ಮಗಳು ಕಳಿಸಿದ ಡಬ್ಬಿ ಕಲ್ಲಿನಲ್ಲಿ ಬೀಸಿದ್ದಾಗಿದ್ದರೆ ಸುಮಾರು ಒಂದು ಗಂಟೆಯ ಬೀಸುವಿಕೆ. ಅದನ್ನು ನೆನೆದರೆ ಕುದಿಯುವ ಹಾಲಿಗೆ ಹಾಕಲು ನನಗೆ ಕೈ ಬರುವುದಿಲ್ಲ.

ಮೇಷ್ಟ್ರು, ಸೋಮವಾರಪೇಟೆ (ಮಾರ್ಚ್ 10)

ನೆರಳುಮರ ಅವರ ಬರಹ ಓದಿ ಸಂತೋಷವಾಯಿತು. ಒಂದೆರಡು ಮಾತು ಸೇರಿಸುತ್ತೇನೆ. ಪುಡಿ ಚಹಾವನ್ನು ಬಿಸಿನೀರಿನಲ್ಲಿ ಕಡೆದು ಕುಡಿಯುವ ಪದ್ಧತಿ ಚೀನಾದ ಸೋಂಗ್ ಅರಸರ ಕಾಲದ್ದು. ಐಸಾಯ್ ಎಂಬ ಬೌದ್ಧ ಭಿಕ್ಷು 1191ರಲ್ಲಿ ಅಲ್ಲಿಂದ ಜಪಾನಿಗೆ ಮರಳುವಾಗ ಚಹಾ ಬೀಜಗಳನ್ನು ತಂದ. ಮುಂದೆ ಕ್ಯೋಟೋದ ಬಳಿಯ ಉಜಿ ಈ ಚಹಾಕ್ಕೆ ಹೆಸರಾಯಿತು. ಚೀನಾದಲ್ಲಿ ಮಾತ್ರ ಎಲೆಯನ್ನು ನೆನೆಹಾಕುವ ರೂಢಿ ಬಲವಾಗಿ ಕಡೆಯುವ ಪದ್ಧತಿ ಮರೆಯಾಯಿತು. ತಂದವರ ಮನೆಯಲ್ಲಿ ಉಳಿದದ್ದು ಹುಟ್ಟಿದ ಮನೆಯಲ್ಲಿ ಅಳಿಯಿತು.

ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಕಥೆಯನ್ನು ಮಕ್ಕಳಿಗೆ ಹೇಳುವಾಗಲೆಲ್ಲ ನನಗೆ ಈ ಭಿಕ್ಷುವೂ ನೆನಪಾಗುತ್ತಾನೆ. ಇಬ್ಬರೂ ಸನ್ಯಾಸಿ ಸ್ವಭಾವದವರು, ಇಬ್ಬರ ಜೋಳಿಗೆಯಲ್ಲೂ ಬೀಜ.

ಔಷಧಿ ಅಂಗಡಿ, ವಿರಾಜಪೇಟೆ (ಮಾರ್ಚ್ 11)

ಹೂಮಳೆ ಅಕ್ಕ, ನಿದ್ದೆಯ ವಿಷಯಕ್ಕೆ ನಾನು ಹೇಳಲೇಬೇಕು. ಮಾಚಾದಲ್ಲಿ ಕೆಫೀನ್ ಇದೆ, ಕಡಿಮೆಯೇನೂ ಅಲ್ಲ. ಎಲೆ ಪೂರ್ತಿ ಹೊಟ್ಟೆಗೆ ಹೋಗುವುದರಿಂದ 2 ಗ್ರಾಂ ಪುಡಿಯಲ್ಲಿ ಸುಮಾರು 60 ಮಿಲಿಗ್ರಾಂ, ಪುಡಿಯ ಮೇಲೆ ಹೆಚ್ಚುಕಡಿಮೆ. ಥಿಯಾನಿನ್ ಇರುವುದರಿಂದ ಕಾಫಿಯ ಹಾಗೆ ಎದೆ ಬಡಿಯುವುದಿಲ್ಲ ಎಂದು ಕುಡಿಯುವವರು ಹೇಳುತ್ತಾರೆ. ಹಾಗೆಂದು ಸಂಜೆ ಆರಕ್ಕೆ ಕುಡಿದು ಹತ್ತಕ್ಕೆ ನಿದ್ದೆ ಬರಲಿ ಎಂದರೆ ಆಗದು. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಬದಲಾಯಿಸಿಕೊಳ್ಳಿ, ಸಂಜೆಗೆ ಶುಂಠಿಯೋ ಜೀರಿಗೆಯೋ ಕಷಾಯ ಇರಲಿ.

ಇನ್ನೊಂದು ಮಾತು. ಹಸಿರು ಚಹಾದ ಕ್ಯಾಟೆಚಿನ್‌ಗಳು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತವೆ. ರಕ್ತಹೀನತೆ ಇರುವವರು ಊಟದ ಜೊತೆಗೆ ಕುಡಿಯಬಾರದು, ಒಂದೆರಡು ಗಂಟೆಯಾದರೂ ಅಂತರ ಇರಲಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಪ್ರಾರಂಭಿಸಬಾರದು, ಏಕೆಂದರೆ ಇಡೀ ಎಲೆಯ ಜೊತೆ ವಿಟಮಿನ್ ಕೆ ಕೂಡ ಹೋಗುತ್ತದೆ. ಗರ್ಭಿಣಿಯರು ಕಾಫಿ, ಚಹಾ ಎಲ್ಲ ಸೇರಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಂತೆ ನೋಡಿಕೊಳ್ಳಬೇಕು. ಇದನ್ನು ಕುಡಿದು ಎಂಟು ದಿನದಲ್ಲಿ ತೂಕ ಇಳಿಯಿತು ಎಂದು ಯಾರು ಹೇಳಿದರೂ ನಂಬಬೇಡಿ. ಆ ಮಾತು ನಂಬಿ ದಿನಕ್ಕೆ ಆರು ಲೋಟ ಕುಡಿದು ಹೊಟ್ಟೆನೋವಿಗೆ ಮಾತ್ರೆ ಕೇಳಿಕೊಂಡು ಬಂದವರನ್ನು ನಾನು ಕೌಂಟರಿನ ಆಚೆ ಕಂಡಿದ್ದೇನೆ.

ಹೂಮಳೆ, ನಾಪೋಕ್ಲು (ಮಾರ್ಚ್ 14)

ಇಂದು ಬೆಳಿಗ್ಗೆ ಹತ್ತೂವರೆಗೆ ಮಾಡಿದೆ. ಬರೆದು ತಿಳಿಸದೆ ಇರಲಾಗಲಿಲ್ಲ.

ಕಡಗೋಲನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿಟ್ಟಿದ್ದೆ. ಅಗಲ ಬಾಯಿಯ ಪಿಂಗಾಣಿ ಬಟ್ಟಲು, ಜರಡಿ, ಮಟ್ಟಸ ಒಂದು ಚಮಚ. ಪುಡಿ ಉದುರಿ ಬಿದ್ದಾಗ ಬಟ್ಟಲಿನ ತಳದಲ್ಲಿ ಒಂದು ಹಸಿರು ದಿಬ್ಬ. ಅಗೆಹಾಕಿದ ಹೊಸತರಲ್ಲಿ ಭತ್ತದ ಸಸಿಮಡಿ ಇರುತ್ತದಲ್ಲ, ಅದೇ ಹಸಿರು. ನೀರನ್ನು ಲೋಟದಿಂದ ದಬರಿಗೆ ಸುರಿದು ಹಬೆ ತೆಳುವಾಗುವುದನ್ನು ಕಾದೆ. ಎರಡು ಚಮಚ ನೀರಿಗೆ ಕಲಸಿದಾಗ ಗಂಟಿಲ್ಲದ ನುಣ್ಣನೆಯ ಲೇಹವಾಯಿತು. ಉಳಿದ ನೀರು ಹಾಕಿ ಕಡೆದೆ. ಮೊದಲು ದೊಡ್ಡ ಗುಳ್ಳೆ, ಆಮೇಲೆ ಅವು ಒಡೆದು ಸಣ್ಣವಾಗಿ, ಕೊನೆಗೆ ಕಾಯಿಹಾಲಿನ ಮೇಲಿನ ಕೆನೆಯಂತೆ ತಿಳಿಹಸಿರು ನೊರೆ ಬಟ್ಟಲನ್ನು ಮುಚ್ಚಿತು.

ಸಕ್ಕರೆ ಹಾಕದೆ ಕುಡಿದೆ. ಕಹಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಸಿಹಿ ನಿಧಾನವಾಗಿ ಏಳುತ್ತದೆ, ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವ ಹಾಗೆ. ಮೀನಿನ ವಾಸನೆ ಇರಲಿಲ್ಲ. ಅತ್ತೆಗೆ ಎರಡು ಗುಟುಕು ಕೊಟ್ಟೆ. ಅವರು ಏನೂ ಹೇಳಲಿಲ್ಲ, ಆದರೆ ಬಟ್ಟಲನ್ನು ಹಿಂದಕ್ಕೆ ಕೊಡಲಿಲ್ಲ. ಮಗಳಿಗೆ ಫೋನಿನಲ್ಲಿ ಹೇಳಿದಾಗ ಅವಳ ದನಿ ಕೇಳಬೇಕಿತ್ತು.

ಗದ್ದೆಬದು, ಕುಶಾಲನಗರ (ಮಾರ್ಚ್ 15)

ಇದನ್ನೆಲ್ಲ ಓದಿ ನಾನೂ ಆನ್‌ಲೈನ್‌ನಲ್ಲಿ ಒಂದು ಪೊಟ್ಟಣ ತರಿಸಿದೆ. ನೀವು ಹೇಳಿದ ಹಾಗೆಯೇ ಮಾಡಿದರೂ ಬಣ್ಣ ಹಳದಿ, ನೊರೆ ಬರಲಿಲ್ಲ, ತಳದಲ್ಲಿ ಮರಳಿನಂತೆ ಕೂರುತ್ತದೆ. ಆದರೆ ಬಾಯಿಗೆ ಸಿಹಿ. ಎಲ್ಲಿ ತಪ್ಪಿತು?

ಲೋಟದಬರಿ, ಮಡಿಕೇರಿ (ಮಾರ್ಚ್ 15)

ಪೊಟ್ಟಣದ ಹಿಂಬದಿ ನೋಡಿ. ಸಿಹಿ ಇದೆಯೆಂದರೆ ಸಕ್ಕರೆಯೋ ಹಾಲಿನ ಪುಡಿಯೋ ಬೆರೆತಿರುತ್ತದೆ. ಪದಾರ್ಥಗಳ ಸಾಲಿನಲ್ಲಿ ಹಸಿರು ಚಹಾ ಒಂದೇ ಇರಬೇಕು. ಅದಿದ್ದರೂ ಸಾಲದು: ಸಾಮಾನ್ಯ ಹಸಿರು ಚಹಾವನ್ನು ಪುಡಿ ಮಾಡಿದರೆ ಅದು ಮಾಚಾ ಆಗುವುದಿಲ್ಲ, ನೆರಳಿನಲ್ಲಿ ಬೆಳೆದ ಎಲೆಯೇ ಬೇಕು. ಬೆರಳಿನಿಂದ ಬಿಳಿ ಕಾಗದದ ಮೇಲೆ ಎಳೆದು ನೋಡಿ. ಒಳ್ಳೆಯದು ಉದ್ದಕ್ಕೆ ನಯವಾದ ಗೆರೆ ಎಳೆಯುತ್ತದೆ, ತರಿ ಇದ್ದದ್ದು ಬೇಗ ತುಂಡಾಗುತ್ತದೆ.

ಡಬ್ಬಿಯ ಮೇಲಿನ 'ಸೆರಿಮೋನಿಯಲ್ ಗ್ರೇಡ್' (ಚಹಾ ವಿಧಿಗೆ ತಕ್ಕ ದರ್ಜೆ) ಎಂಬ ಮಾತಿಗೆ ಮರುಳಾಗಬೇಡಿ. ಜಪಾನಿನಲ್ಲಿ ಅದಕ್ಕೆ ಸರ್ಕಾರಿ ಮಾನದಂಡವೇನೂ ಇಲ್ಲ, ಮಾರುವವರು ತಾವೇ ಬರೆದುಕೊಳ್ಳುತ್ತಾರೆ. ಉಜಿ, ನಿಶಿಯೊ, ಕಾಗೋಶಿಮಾ ಎಂದು ಬೆಳೆದ ಊರು ನಮೂದಾಗಿದ್ದರೆ, ಅರೆದ ಅಥವಾ ತುಂಬಿದ ತಿಂಗಳು ಇದ್ದರೆ ಅದಕ್ಕೆ ಬೆಲೆ ಕೊಡಿ. 2024ರ ಶರತ್ಕಾಲದಲ್ಲಿ ಕ್ಯೋಟೋದ ಹಳೆಯ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಡಬ್ಬಿ ಎಂದು ಮಿತಿ ಹಾಕಬೇಕಾಯಿತು, ಜಗತ್ತಿನಾದ್ಯಂತ ಅಷ್ಟು ಬೇಡಿಕೆ. ಹಾಗಿರುವಾಗ ತೀರ ಅಗ್ಗಕ್ಕೆ ಅರ್ಧ ಕಿಲೋ ಸಿಗುತ್ತದೆಂದರೆ ಅನುಮಾನಪಡಲೇಬೇಕು. ನಿಮ್ಮ ಪೊಟ್ಟಣವನ್ನು ಬಿಸಾಡುವುದು ಬೇಡ, ಹಾಲು ಸೇರಿಸಿ ತಣ್ಣಗೆ ಮಾಡಿ ಮಕ್ಕಳಿಗಲ್ಲದೆ ದೊಡ್ಡವರು ಕುಡಿಯಬಹುದು.

ಹೂಮಳೆ, ನಾಪೋಕ್ಲು (ಏಪ್ರಿಲ್ 2)

ಹಾಲಿನ ಮಾತು ಬಂದದ್ದರಿಂದ ಕೇಳುತ್ತೇನೆ. ಬೆಲ್ಲ ಹಾಕಿ ನೋಡಿದೆ, ಬೆಲ್ಲವೇ ಗೆದ್ದಿತು. ಜೇನು ಅರ್ಧ ಚಮಚ ಹೊಂದಿಕೊಂಡಿತು. ನಿನ್ನೆ ಉಗುರುಬೆಚ್ಚಗಿನ ಕಾಯಿಹಾಲಿಗೆ ಬೆರೆಸಿದೆ, ಅದು ನನಗೆ ಎಲ್ಲಕ್ಕಿಂತ ಹಿಡಿಸಿತು. ಇನ್ನೊಂದು ಚಿಂತೆ: ಡಬ್ಬಿ ತೆರೆದು ತಿಂಗಳಾಗುತ್ತ ಬಂತು, ಮುಂದೆ ಮಳೆ. ನಮ್ಮಲ್ಲಿ ಆಷಾಢದಲ್ಲಿ ಉಪ್ಪೇ ನೀರಾಗುತ್ತದೆ. ಇದನ್ನು ಹೇಗೆ ಇಡುವುದು?

ನೆರಳುಮರ, ಪೊನ್ನಂಪೇಟೆ (ಏಪ್ರಿಲ್ 2)

ಮಳೆಗಾಲಕ್ಕೆ ಉಳಿಸಬೇಡಿ, ಅದಕ್ಕೆ ಮೊದಲೇ ಮುಗಿಸಿ. ತೆರೆದ ಡಬ್ಬಿಗೆ ಒಂದೆರಡು ತಿಂಗಳೇ ಆಯುಷ್ಯ. ಬೆಳಕು, ಗಾಳಿ, ತೇವ ಮೂರೂ ಇದಕ್ಕೆ ಶತ್ರುಗಳು. ಫ್ರಿಜ್‌ನಲ್ಲಿಟ್ಟರೆ ಬಿಗಿಯಾಗಿ ಮುಚ್ಚಿ, ಮೀನು ಮಾಂಸದಿಂದ ದೂರ ಇಡಿ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ತಣ್ಣನೆಯ ಪುಡಿಯ ಮೇಲೆ ನಮ್ಮ ಗಾಳಿಯ ತೇವವೆಲ್ಲ ಕೂರುತ್ತದೆ. ಡಬ್ಬಿ ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಬಿದಿರಿನ ಕುಂಚ ಕೊಂಡವರು ಅದಕ್ಕೆ ಸೋಪು ಹಾಕಬಾರದು. ಬಿಸಿನೀರಿನಲ್ಲಿ ಅಲ್ಲಾಡಿಸಿ, ಜೂನ್‌ನಿಂದ ಒಲೆಯ ಹತ್ತಿರದ ಗೋಡೆಗೆ ತೂಗುಹಾಕಿ. ಇಲ್ಲದಿದ್ದರೆ ವಾರದಲ್ಲಿ ಬೂಸಲು.

ಅಂದಹಾಗೆ, ನಮ್ಮ ತೋಟದ ಗಡಿಯಲ್ಲಿ ಅಜ್ಜ ನೆಟ್ಟ ನಾಲ್ಕು ಚಹಾ ಗಿಡಗಳಿವೆ. ಕಡಿಯದೆ ಬಿಟ್ಟು ಆಳೆತ್ತರ ಬೆಳೆದಿದ್ದವು. ಕಾಫಿ ಹೂ ಅರಳಿಸುವ ಹೂ ಮಳೆ ಬೀಳುವ ಮುಂಚೆ ಸೊಂಟದೆತ್ತರಕ್ಕೆ ಕತ್ತರಿಸಿದ್ದೆ, ಈಗ ಚಿಗುರಿವೆ. ಕಾಫಿ ನರ್ಸರಿಗೆ ತಂದ ನೆರಳು ಬಲೆ ಉಳಿದಿದೆ. ಎರಡು ಗಿಡಕ್ಕೆ ಹೊದಿಸಿ, ಇನ್ನೆರಡನ್ನು ಬಿಸಿಲಿಗೆ ಬಿಟ್ಟು ನೋಡುತ್ತೇನೆ.

ಮೇಷ್ಟ್ರು, ಸೋಮವಾರಪೇಟೆ (ಏಪ್ರಿಲ್ 3)

ದಯವಿಟ್ಟು ಮಾಡಿ, ಫಲಿತಾಂಶ ಏನೇ ಬರಲಿ ಇಲ್ಲಿ ಬರೆಯಿರಿ.

ನೆರಳುಮರ, ಪೊನ್ನಂಪೇಟೆ (ಮೇ 6)

ಬರೆಯುತ್ತೇನೆ ಎಂದಿದ್ದೆ, ತಡವಾಯಿತು. ಏಪ್ರಿಲ್ 8ಕ್ಕೆ ಬಲೆ ಹೊದಿಸಿದೆ. ಹತ್ತು ದಿನವಾದ ಮೇಲೆ ಎರಡನೆಯ ಪದರ. ಏಪ್ರಿಲ್ 30ರ ಬೆಳಿಗ್ಗೆ ಬಲೆ ಸರಿಸಿದಾಗ ಹೆಂಡತಿ, ನಾನು ಇಬ್ಬರೂ ಸ್ವಲ್ಪ ಹೊತ್ತು ನಿಂತೇ ಬಿಟ್ಟೆವು. ಬಿಸಿಲಿನ ಗಿಡದ ಚಿಗುರು ಹಳದಿ ಬೆರೆತ ಹಸಿರು, ಕೈಗೆ ದಪ್ಪ. ಬಲೆಯೊಳಗಿನ ಎಲೆ ಅಗಲವಾಗಿ, ತೆಳ್ಳಗೆ, ವೀಳ್ಯದೆಲೆಯಷ್ಟು ಕಡುಹಸಿರು. ಹಸಿಯಾಗಿ ಅಗಿದು ನೋಡಿದರೂ ಒಗರಿನ ವ್ಯತ್ಯಾಸ ನಾಲಿಗೆಗೆ ಸಿಕ್ಕಿತು.

200 ಗ್ರಾಂ ಎಲೆ ಕಿತ್ತು, ಕಡುಬು ಬೇಯಿಸುವ ಪಾತ್ರೆಯ ಹಬೆಗೆ ಇಪ್ಪತ್ತು ಸೆಕೆಂಡು ಹಿಡಿದು, ಬೀಸಣಿಗೆಯಿಂದ ಆರಿಸಿ, ಸಣ್ಣ ಕೆಂಡದ ಮೇಲೆ ತಟ್ಟೆಯಲ್ಲಿ ಒಣಗಿಸಿದೆವು. ದಂಟು ನರ ಬಿಡಿಸಿದ ಮೇಲೆ ಉಳಿದದ್ದು ಸುಮಾರು 25 ಗ್ರಾಂ. ಮಿಕ್ಸಿಗೆ ಅರ್ಧ ಹಾಕಿದೆ, ಅದು ತಪ್ಪಾಯಿತು. ಜಾರ್ ಬಿಸಿಯಾಗಿ ಪುಡಿ ಕಂದಿತು, ತರಿಯೂ ಹೋಗಲಿಲ್ಲ. ಉಳಿದರ್ಧವನ್ನು ಅಟ್ಟದಿಂದ ಬೀಸುಕಲ್ಲು ಇಳಿಸಿ ಹೆಂಡತಿ ನಿಧಾನವಾಗಿ ಬೀಸಿದಳು. ಒಂದು ಹಿಡಿ ಎಲೆಗೆ ಒಂದು ಗಂಟೆ. ತೆಳು ಬಟ್ಟೆಯಲ್ಲಿ ಜಾಲಿಸಿದಾಗ ಎರಡು ಬಟ್ಟಲಿಗಾಗುವಷ್ಟು ನಯವಾದ ಪುಡಿ ಸಿಕ್ಕಿತು.

ರುಚಿ ಹೇಳಬೇಕೆಂದರೆ, ಇದು ಮಾಚಾ ಅಲ್ಲ. ನಮ್ಮದು ಅಸ್ಸಾಮಿನ ಕಡೆಯ ದೊಡ್ಡ ಎಲೆಯ ತಳಿ, ಅದರಲ್ಲಿ ಕ್ಯಾಟೆಚಿನ್ ಸ್ವಭಾವತಃ ಹೆಚ್ಚು. ನೊರೆ ತೆಳು, ಬಾಯಲ್ಲಿ ಸ್ವಲ್ಪ ಹಿಟ್ಟುಹಿಟ್ಟು. ಆದರೆ ಬಿಸಿಲಿನ ಗಿಡದ ಎಲೆಯನ್ನೂ ಹೀಗೆಯೇ ಮಾಡಿ ಪಕ್ಕದಲ್ಲಿಟ್ಟುಕೊಂಡು ಕುಡಿದಾಗ, ನೆರಳಿನದ್ದು ಎಷ್ಟು ಮೃದು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಐವತ್ತು ವರ್ಷ ಕಾಫಿ ಗಿಡದ ಮೇಲಿನ ನೆರಳನ್ನೇ ನೋಡಿದವನು ನಾನು. ನೆರಳಿನ ರುಚಿಯನ್ನು ಇಷ್ಟು ಬಿಡಿಸಿ ನಾಲಿಗೆಯ ಮೇಲೆ ಕಂಡದ್ದು ಇದೇ ಮೊದಲು.

ಹೂಮಳೆ, ನಾಪೋಕ್ಲು (ಮೇ 6)

ಅಣ್ಣ, ಓದುತ್ತ ಮೈ ಜುಮ್ಮೆಂದಿತು. ಬೀಸದೆ ಉಳಿದ ಎಲೆ ಇದ್ದರೆ ಅದನ್ನು ಹಾಗೆಯೇ ಬಿಸಿನೀರಿಗೆ ಹಾಕಿ ಕುಡಿಯಬಹುದೇ? ನಮ್ಮ ಡಬ್ಬಿ ಮೊನ್ನೆ ಖಾಲಿಯಾಯಿತು. ಅತ್ತೆ ಎರಡು ದಿನದಿಂದ ಹನ್ನೊಂದು ಗಂಟೆಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ನೆರಳುಮರ, ಪೊನ್ನಂಪೇಟೆ (ಮೇ 7)

ಕುಡಿಯಬಹುದು, ನನಗೆ ಪುಡಿಗಿಂತ ಅದೇ ಹಿಡಿಸಿತು. 70 ಡಿಗ್ರಿ ನೀರು, ಎರಡು ನಿಮಿಷ. ಬಲೆ ಇನ್ನೂ ಕಟ್ಟಿಯೇ ಇದೆ, ಎರಡನೆಯ ಚಿಗುರು ಬರುತ್ತಿದೆ. ಮಳೆ ಹಿಡಿಯುವುದರೊಳಗೆ ಕೊಯ್ದು, ನಾಪೋಕ್ಲು ಸಂತೆಗೆ ಬರುವ ದಿನ ಅತ್ತೆಯವರಿಗೆ ಒಂದು ಪೊಟ್ಟಣ ತರುತ್ತೇನೆ.